ಕೋವಿಯ ‘ಕುದುರೆ’ ಯಾವುದು? ಪಿಸ್ತೂಲು ಸ್ಪರ್ಧೆಯ ಕೆಲವು ಪದಗಳು

ಬಳಗದವರಿಗೆ ನಮಸ್ಕಾರ.

ಐಪಿಎಸ್‌ಸಿ (‘ಪ್ರಾಕ್ಟಿಕಲ್ ಶೂಟಿಂಗ್’ ಎಂಬ ಆಟದ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದ ಪಿಸ್ತೂಲು ಸ್ಪರ್ಧೆಗೆ ಹೊಸದಾಗಿ ಇಳಿಯುವವರು ಯಾವ ಪಿಸ್ತೂಲು ಆರಿಸಿಕೊಳ್ಳಬೇಕು ಎಂಬ ಬಗ್ಗೆ ಹೊರದೇಶದ ಕನ್ನಡ ಗೆಳೆಯರಿಗಾಗಿ ಒಂದು ಬರಹ ಮಾಡುತ್ತಿದ್ದೇನೆ. ಒಲಿಂಪಿಕ್ಸಿನಲ್ಲಿ ಕಾಣುವ ಹಾಗೆ ನಿಂತಲ್ಲೇ ನಿಂತು ಒಂದು ವೃತ್ತಕ್ಕೆ ಗುರಿಯಿಡುವ ಆಟವಲ್ಲ ಇದು. ಮರೆಯಿಂದ ಮರೆಗೆ ಓಡುತ್ತ ಹಲವು ಗುರಿಗಳಿಗೆ ಹೊಡೆಯಬೇಕು, ಸಮಯವೂ ಲೆಕ್ಕಕ್ಕೆ ಬರುತ್ತದೆ. ಸಂಸ್ಥೆ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ. ಆಟ ತಿಳಿಸುವುದು ಕಷ್ಟವಾಗಲಿಲ್ಲ, ಪದಗಳು ಕಾಡುತ್ತಿವೆ.

ಮುಖ್ಯವಾಗಿ ‘ಕುದುರೆ’. ಕೇಪಿನ (ಬಡಿದರೆ ಕಿಡಿ ಹಾರಿಸುವ ಪುಟ್ಟ ಮುಚ್ಚಳದ) ಕೋವಿ ಬಳಸಿದ ಹಿರಿಯರ ಬಾಯಲ್ಲಿ ನಾನು ಕೇಳಿದ ಹಾಗೆ, ಕುದುರೆಯೆಂದರೆ ಎತ್ತಿ ನಿಲ್ಲಿಸಿದ ಮೇಲೆ ಕೇಪಿಗೆ ಬಂದು ಬಡಿಯುವ ಭಾಗ, ಅಂದರೆ ಹ್ಯಾಮರ್. ‘ಕುದುರೆ ಎತ್ತಿಕೊಂಡೇ ಕಾದು ಕೂತಿದ್ದೆ’ ಎನ್ನುತ್ತಿದ್ದರು. ಪತ್ತೇದಾರಿ ಕಥೆಗಳಲ್ಲಿ ನೋಡಿದರೆ ಬೆರಳಿನಿಂದ ಎಳೆಯುವ ಟ್ರಿಗರಿಗೂ ಅದೇ ಹೆಸರು: ‘ಕುದುರೆ ಅದುಮಿದ, ಗುಂಡು ಹಾರಿತು’. ಕಥೆಯಲ್ಲಿ ಇದರಿಂದ ಏನೂ ಕೆಡುವುದಿಲ್ಲ. ನನ್ನ ಬರಹದಲ್ಲಿ ಕೆಡುತ್ತದೆ, ಏಕೆಂದರೆ ಇಲ್ಲಿ ಪಿಸ್ತೂಲಿನ ಬಗೆ ನೋಡಿ ಸ್ಪರ್ಧೆಯ ವಿಭಾಗಗಳು ಬೇರೆಯಾಗುವುದರಲ್ಲಿ ಕುದುರೆಯ ಪಾಲು ದೊಡ್ಡದು.

ಹೊಸಬರಿಗೆ ಸಾಮಾನ್ಯವಾಗಿ ಹೇಳುವುದು ಪ್ರೊಡಕ್ಷನ್ ವಿಭಾಗ. ಕಾರ್ಖಾನೆಯಿಂದ ಬಂದ ಪಿಸ್ತೂಲನ್ನು ಹೆಚ್ಚು ತಿದ್ದದೆ ಬಳಸುವವರದು. ಇಲ್ಲಿ ಬಹಳ ಜನ ಹಿಡಿಯುವ ಸಿಝಡ್ ಶ್ಯಾಡೋ 2ರಂಥ ಪಿಸ್ತೂಲಿನಲ್ಲಿ ಆಟ ಶುರುವಾಗುವಾಗ ಕುದುರೆ ಇಳಿದಿರಬೇಕು. ಮೊದಲ ಸಲ ಟ್ರಿಗರ್ ಎಳೆದಾಗ ಆ ಒಂದೇ ಎಳೆತ ಕುದುರೆಯನ್ನು ಎತ್ತಿ ಬೀಳಿಸಬೇಕು, ಹಾಗಾಗಿ ಅದು ಉದ್ದ ಮತ್ತು ಭಾರ. ಆಮೇಲೆ ಪ್ರತಿ ಈಡಿಗೂ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದೆ ಸರಿದು ತಾನೇ ಕುದುರೆ ಎತ್ತಿಡುವುದರಿಂದ ಎರಡನೆಯ ಎಳೆತದಿಂದಾಚೆ ಹಗುರ. ಗ್ಲಾಕ್ ಎಂಬ ಇನ್ನೊಂದು ಕಂಪನಿಯ ಪಿಸ್ತೂಲಿನಲ್ಲಿ ಹೊರಗೆ ಕಾಣುವ ಕುದುರೆಯೇ ಇಲ್ಲ, ಮೊದಲಿಂದ ಕೊನೆಯವರೆಗೆ ಎಳೆತ ಒಂದೇ ತೆರ. ಕ್ಲಾಸಿಕ್ ವಿಭಾಗ 1911 ಎಂಬ ಹಳೆಯ ಅಮೆರಿಕನ್ ಸೇನಾ ಮಾದರಿಯ ಪಿಸ್ತೂಲಿಗೆ ಮೀಸಲು. ಅಲ್ಲಿ ಕುದುರೆ ಎತ್ತಿ, ಸೇಫ್ಟಿ ಹಾಕಿ, ಒರೆಯಲ್ಲಿಟ್ಟು ಕಾಯುತ್ತಾರೆ. ನನ್ನನ್ನು ಕೇಳಿದರೆ ಆ ಮೊದಲ ಭಾರದ ಎಳೆತ ಕಲಿಯಲು ತಾಳ್ಮೆ ಇಲ್ಲದವರು ಗ್ಲಾಕ್ ಥರದ್ದನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಈಗ ಈ ವಾಕ್ಯ ನೋಡಿ. ಶ್ಯಾಡೋ 2ರಲ್ಲಿ ಕುದುರೆ ಇಳಿಸಲು ಬೇರೆ ಗುಂಡಿ ಇಲ್ಲ. ಗುಂಡು ತುಂಬಿದ ಮೇಲೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ‘ಹೆಬ್ಬೆರಳಿನಿಂದ ಕುದುರೆಯನ್ನು ಬಿಗಿಯಾಗಿ ಹಿಡಿದು, ಟ್ರಿಗರ್ ಎಳೆದು, ಕುದುರೆಯನ್ನು ಮೆಲ್ಲಗೆ ಇಳಿಸಬೇಕು’. ಓದುಗನ ತಲೆಯಲ್ಲಿ ಎರಡೂ ಕುದುರೆಯಾದರೆ ಗತಿಯೇನು? ಹಾಗಾಗಿ ಕುದುರೆಯನ್ನು ಹ್ಯಾಮರಿಗೆ ಕೊಟ್ಟು ಟ್ರಿಗರನ್ನು ಟ್ರಿಗರ್ ಎಂದೇ ಬಿಡುವುದು ನನ್ನ ಒಲವು. ಕುದುರೆ ಎತ್ತಿ ಬೀಳಿಸುವ ಆ ಮೊದಲ ಎಳೆತಕ್ಕೆ ಇಂಗ್ಲಿಷಿನಲ್ಲಿ ‘ಡಬಲ್ ಆಕ್ಷನ್’, ಆಮೇಲಿನ ಹಗುರ ಎಳೆತಕ್ಕೆ ‘ಸಿಂಗಲ್ ಆಕ್ಷನ್’ ಎನ್ನುತ್ತಾರೆ. ‘ಡಬಲ್ ಆಕ್ಷನ್’ಗೆ ‘ಇಮ್ಮಡಿ ಕ್ರಿಯೆ’ ಎಂದು ಬರೆದವರನ್ನು ಕಂಡರೆ ನನಗೆ ಕೈ ಮುಗಿಯುವಂತಾಗುತ್ತದೆ. ‘ಎತ್ತಿ ಬಡಿಯುವ ಎಳೆತ’, ‘ಬರೀ ಬಡಿಯುವ ಎಳೆತ’ ಎಂದರೆ ನಡೆದೀತೆ?

ಎರಡನೆಯದು ‘ಪವರ್ ಫ್ಯಾಕ್ಟರ್’, ಹಾರುವ ಗುಂಡಿನ ಜೋರು ಅಳೆಯುವ ಅಂಕೆ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ (ಗುಂಡು ತೂಗಲು ಬಳಸುವ ಸಣ್ಣ ಅಳತೆ), ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ತೆಗೆದುಕೊಂಡು ಗುಣಿಸಿ ಸಾವಿರದಿಂದ ಭಾಗಿಸುತ್ತಾರೆ. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ 130.2. ಪ್ರೊಡಕ್ಷನ್‌ಗೆ 125 ದಾಟಿದರೆ ಸಾಕು, ಎಲ್ಲರೂ ‘ಮೈನರ್’. ಸ್ಟ್ಯಾಂಡರ್ಡ್ ಎಂಬ ಇನ್ನೊಂದು ವಿಭಾಗದಲ್ಲಿ ಮೇಲಿನ ಹಂತವಾದ ‘ಮೇಜರ್’ ಆಗಲು 170 ಬೇಕು. 180 ಗ್ರೇನ್, 950 ಅಡಿ ಎಂದರೆ 171, ಕೂದಲೆಳೆಯಲ್ಲಿ ಪಾಸು. ‘ಶಕ್ತಿ’ ಎಂದು ಹಾಕಲು ಮನಸ್ಸಿಲ್ಲ: ತೂಕವನ್ನು ವೇಗದಿಂದ ಗುಣಿಸಿದರೆ ಬರುವುದು ವಿಜ್ಞಾನದ ಕನ್ನಡದಲ್ಲಿ ‘ಸಂವೇಗ’, ಶಕ್ತಿಯಲ್ಲ. ‘ಸಂವೇಗಾಂಕ’ ಎಂದರೆ ಮೈದಾನದಲ್ಲಿ ಯಾರೂ ಆಡಲಾರರು. ‘ಈಡಿನ ಬಲ’ ಎನ್ನೋಣ ಎಂದರೆ ವಿಜ್ಞಾನದ ಮೇಷ್ಟ್ರುಗಳು ಬಲವೇ ಬೇರೆ ಎನ್ನುತ್ತಾರೆ. ಆದರೂ ನನಗೆ ಹಿಡಿಸಿರುವುದು ಅದೇ. (ಗ್ರೇನ್‌ಗೆ ಗುಂಜಿ ಎನ್ನಬಾರದೇ ಎಂದು ಒಬ್ಬರು ಕೇಳಿದರು. ಗುಂಜಿ ಹತ್ತಿರ ಹತ್ತಿರ ಎರಡು ಗ್ರೇನ್ ತೂಗುತ್ತದೆ, ಲೆಕ್ಕ ಎಕ್ಕುಟ್ಟಿಹೋಗುತ್ತದೆ.)

ಮೇಜರ್‌ನಿಂದ ಲಾಭವೇನೆಂದರೆ ಗುರಿಯ ನಡುಭಾಗಕ್ಕೆ ಬಿದ್ದರೆ ಇಬ್ಬರಿಗೂ 5 ಅಂಕ, ಅದರಾಚೆಯ ಸಿ ವಲಯಕ್ಕೆ ಮೇಜರ್‌ಗೆ 4, ಮೈನರ್‌ಗೆ 3. ಅಂಚಿನ ಡಿ ವಲಯಕ್ಕೆ 2 ಮತ್ತು 1. ಅದಕ್ಕೆ ತೆರಬೇಕಾದ ಬೆಲೆ ಹೆಚ್ಚಿನ ಒದೆತ. ‘ಕೋವಿ ಒದೆಯುತ್ತೆ’ ಎಂಬ ಮಾತಿರುವಾಗ ‘ಹಿಮ್ಮುಖ ಚಲನೆ’ ಯಾಕೆ? ಕುದುರೆ ಇದ್ದಲ್ಲಿ ಒದೆತವೂ ಇರಲಿ ಬಿಡಿ. ಕ್ಲಾಸಿಕ್‌ನಲ್ಲಿ ಇನ್ನೊಂದು ಕೊಡುಕೊಳ್ಳುವಿಕೆ: ಮೇಜರ್ ಆದರೆ ಮ್ಯಾಗಜಿನ್ನಿಗೆ 8 ತೋಟಾ, ಮೈನರ್ ಆದರೆ 10.

ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ‘ಹಿಟ್ ಫ್ಯಾಕ್ಟರ್’. 60 ಅಂಕ 10 ಸೆಕೆಂಡಿಗೆ 6, ಅದೇ 60 ಅಂಕ 12 ಸೆಕೆಂಡಿಗೆ 5. ಕ್ರಿಕೆಟ್ಟಿನ ರನ್ ರೇಟ್ ಥರ. ‘ಅಂಕಗತಿ’ ಎಂದಿಟ್ಟಿದ್ದೇನೆ, ತಕರಾರಿದ್ದರೆ ಹೇಳಿ.

‘ಪ್ರಾಕ್ಟಿಕಲ್ ಶೂಟಿಂಗ್’ಗೆ ‘ಪ್ರಾಯೋಗಿಕ’ ಬೇಡವೇ ಬೇಡ. ಪ್ರಯೋಗಶಾಲೆಯ ಪರೀಕ್ಷೆಯ ನೆನಪಾಗುತ್ತದೆ, ಇಲ್ಲವೇ ಇನ್ನೂ ಪ್ರಯೋಗದ ಹಂತದಲ್ಲಿರುವ ಆಟವೆನಿಸುತ್ತದೆ. ‘ಓಡಾಟದ ಗುರಿಯಾಟ’ ಎಂದು ಗೆಳತಿಯೊಬ್ಬರು ಹೇಳಿದರು, ಪ್ರಾಸ ಜಾಸ್ತಿಯಾಯಿತೇನೋ.

ಈ ಆಟದಲ್ಲಿ ಹೆಚ್ಚಾಗಿ ಕಾಣುವ 9 ಎಂಎಂ ಪಿಸ್ತೂಲು ನಮ್ಮ ಭಾರತದಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ) ಪಟ್ಟಿಯದು, ಸಾಮಾನ್ಯರ ಕೈಗೆ ಬಂದದ್ದೇ ಅಲ್ಲ. ಹೀಗಾಗಿ ನಮ್ಮ ಪದಗಳೆಲ್ಲ ಉದ್ದ ನಳಿಗೆಯ ಕೋವಿಯಿಂದ ಬಂದಂಥವು. ಅದಕ್ಕೇ ಕೊಡಗಿನವರನ್ನು ವಿಶೇಷವಾಗಿ ಕೇಳುತ್ತಿದ್ದೇನೆ. ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ ಬೆಳೆದವರು ನೀವು. ಟ್ರಿಗರಿಗೆ ಮನೆಯಲ್ಲಿ ಏನನ್ನುತ್ತೀರಿ? ಜೋಡಿ ನಳಿಗೆಯ ಕೋವಿಯಲ್ಲಿ ಟ್ರಿಗರ್ ಎರಡಿರುತ್ತವಲ್ಲ, ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಹೆಸರುಂಟೇ? ಮಲೆನಾಡು, ಕರಾವಳಿಯವರೂ ತಿಳಿಸಿ. ನಿಘಂಟಿನ ಅರ್ಥಕ್ಕಿಂತ ಯಾರ ಬಾಯಲ್ಲಿ, ಯಾವ ಊರಲ್ಲಿ ಕೇಳಿದ್ದು ಎಂದು ಬರೆದರೆ ನನಗೆ ಹೆಚ್ಚು ಉಪಯೋಗ.