ನ್ಯೂ ಸ್ಟಾರ್ಟ್: 1,550 ಅಂದರೆ ಯಾವ 1,550?

ಪ್ರಶ್ನೆ:
ನ್ಯೂ ಸ್ಟಾರ್ಟ್ ಅನ್ನೋ ಅಣ್ವಸ್ತ್ರ ಮಿತಿ ಒಪ್ಪಂದದಲ್ಲಿ ಅಮೆರಿಕ, ರಷ್ಯಾಗಳಿಗೆ ತಲಾ 1,550 ಅಣ್ವಸ್ತ್ರ ಸಿಡಿತಲೆಗಳ ಮಿತಿ ಇತ್ತು. ಆದರೆ ಇಬ್ಬರ ಬಳಿಯೂ ಅದರ ಎರಡು-ಮೂರು ಪಟ್ಟು ಇದೆ ಅಂತಾರಲ್ಲ? ಒಪ್ಪಂದ ಮುರಿದಿದ್ದಾರಾ? ಕ್ಷಿಪಣಿಯ ಮೂತಿಯೊಳಗೆ ಎಷ್ಟಿವೆ ಅಂತ ಎದುರಿನವರು ಎಣಿಸ್ತಿದ್ದುದಾದರೂ ಹೇಗೆ?

ಉತ್ತರ 1:
ಮುರಿದಿಲ್ಲ, ಲೆಕ್ಕವೇ ಹಾಗಿತ್ತು. 1,550 ಅನ್ನೋದು ನಿಯೋಜಿಸಿದ, ಅಂದರೆ ಬಳಕೆಗೆ ಸಿದ್ಧವಾಗಿಟ್ಟ ದೂರಗಾಮಿ ಸಿಡಿತಲೆಗಳಿಗೆ ಮಾತ್ರ. ಉಗ್ರಾಣದಲ್ಲಿರುವುವು, ಅಲ್ಪದೂರದ ಅಣ್ವಸ್ತ್ರಗಳು ಲೆಕ್ಕಕ್ಕೇ ಬರ್ತಿರಲಿಲ್ಲ. ಬಾಂಬರ್‌ಗಳದ್ದು ಇನ್ನೂ ತಮಾಷೆ: ಅಮೆರಿಕದ ಬಾಂಬರ್ ಬಿ-52 ವಿಮಾನ 20 ಕ್ರೂಸ್ ಕ್ಷಿಪಣಿ ಹೊತ್ತರೂ ಒಪ್ಪಂದದಲ್ಲಿ ಅದನ್ನ ಒಂದೇ ಸಿಡಿತಲೆ ಅಂತ ಎಣಿಸ್ತಿದ್ದರು. ಮಾಮೂಲಿ ದಿನಗಳಲ್ಲಿ ಅದರ ಮೇಲೆ ಅಣ್ವಸ್ತ್ರ ಏರಿಸಿಡೋಲ್ಲ, ನಿಜ ಲೆಕ್ಕ ಹಾಕಿದರೆ ಸೊನ್ನೆ. ಹಾಗಾಗಿ ಒಂದು ಅಂತ ರಾಜಿಯಾದರು. ಇದರ ಜೊತೆಗೆ ನಿಯೋಜಿತ ಕ್ಷಿಪಣಿ, ಬಾಂಬರ್ ಸೇರಿ 700ರ ಮಿತಿ ಇತ್ತು. ನಿಯೋಜಿಸದವೂ ಸೇರಿ ಉಡಾವಣಾ ವ್ಯವಸ್ಥೆ, ಬಾಂಬರ್‌ಗಳಿಗೆ 800ರ ಮಿತಿ.

ಉತ್ತರ 2:
ಎಣಿಕೆಯ ಬಗ್ಗೆ: ವರ್ಷಕ್ಕೆ 18 ತಪಾಸಣೆಗೆ ಅವಕಾಶ ಇತ್ತು. 32 ಗಂಟೆ ಮುಂಚೆ ಬರುವ ಸುದ್ದಿ ಕೊಡಬೇಕಿತ್ತು, ಯಾವ ನೆಲೆ ಅನ್ನೋದನ್ನ ಮಾತ್ರ ಆ ದೇಶಕ್ಕೆ ಬಂದಿಳಿದ ಮೇಲೆ ಹೇಳ್ತಿದ್ದರು. ಅಲ್ಲಿ ತಂಡ ಒಂದು ಕ್ಷಿಪಣಿ ಆರಿಸ್ತಿತ್ತು. ಆತಿಥೇಯರು ಮೂತಿ ತೆಗೆದು, ವಿನ್ಯಾಸ ಕಾಣದಂತೆ ಪ್ರತಿ ಸಿಡಿತಲೆಗೂ ಬೇರೆ ಬೇರೆ ಹೊದಿಕೆ ಹಾಕಿ ತೋರಿಸ್ತಿದ್ದರು. ಉಬ್ಬು ಎಣಿಸೋದು, ಅಷ್ಟೇ. 'ಇದು ಅಣ್ವಸ್ತ್ರ ಅಲ್ಲ' ಅಂದರೆ ನ್ಯೂಟ್ರಾನ್ ಪತ್ತೆ ಯಂತ್ರ ಹಿಡಿದು ನೋಡಬಹುದಿತ್ತು. ಎಡವಟ್ಟಾಗ್ತಿದ್ದುದು ಹೊದಿಕೆಯಲ್ಲೇ. ಇದಕ್ಕೂ ಹಿಂದಿನ ಒಪ್ಪಂದ ಸ್ಟಾರ್ಟ್-1ರ ಕಾಲದಲ್ಲಿ ರಷ್ಯಾದ ಹೊದಿಕೆಗಳಿಂದ ಸಿಡಿತಲೆ ಎಣಿಸೋಕಾಗ್ತಿಲ್ಲ ಅಂತ ಅಮೆರಿಕ ತಕರಾರು ತೆಗೆದಿತ್ತು.

ಉತ್ತರ 3:
ರಷ್ಯಾದ ತಕರಾರನ್ನೂ ಸೇರಿಸಿ. ಒಪ್ಪಂದದ ಮಿತಿಯೊಳಗೆ ಬರೋಕೆ ಅಮೆರಿಕ ತನ್ನ 14 ಒಹಾಯೊ ವರ್ಗದ ಜಲಾಂತರ್ಗಾಮಿಗಳಲ್ಲಿ ತಲಾ 4ರಂತೆ 56 ಕ್ಷಿಪಣಿ ಉಡಾವಣಾ ಕೊಳವೆಗಳನ್ನ ನಿಷ್ಕ್ರಿಯಗೊಳಿಸಿತು: ಕ್ಷಿಪಣಿಯನ್ನು ಹೊರದೂಡುವ ಅನಿಲ ಜನರೇಟರ್ ತೆಗೆದು, ಮುಚ್ಚಳಕ್ಕೆ ಬೋಲ್ಟ್ ಬಿಗಿದರು. 'ಬೋಲ್ಟ್ ಬಿಚ್ಚಿದರೆ ಮತ್ತೆ ಹಳೇದೇ ಅಲ್ವಾ?' ಅನ್ನೋದು ಮಾಸ್ಕೋ ವಾದದ ತಿರುಳು. ನನಗೆ ಅದು ಪೂರ್ತಿ ಕುಂಟು ನೆಪ ಅನ್ನಿಸೋಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದ. ತಪಾಸಣೆ ನಿಂತಿದ್ದು ಯಾವಾಗ?

ಉತ್ತರ 2:
2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ. ಮತ್ತೆ ಶುರುವಾಗಲೇ ಇಲ್ಲ. 2023ರ ಫೆಬ್ರುವರಿಯಲ್ಲಿ ರಷ್ಯಾ ಒಪ್ಪಂದದಲ್ಲಿ ಪಾಲ್ಗೊಳ್ಳುವುದನ್ನೇ ಅಮಾನತು ಮಾಡಿತು. 2021ರಲ್ಲಿ ಒಂದೇ ಸಲ ಐದು ವರ್ಷ ವಿಸ್ತರಿಸಿದ್ದರು, ಆ ಗಡುವು 2026ರ ಫೆಬ್ರುವರಿ 5ಕ್ಕೆ ಮುಗಿಯಿತು. ಇನ್ನೊಮ್ಮೆ ವಿಸ್ತರಿಸೋಕೆ ಒಪ್ಪಂದದಲ್ಲಿ ಅವಕಾಶವೇ ಇರಲಿಲ್ಲ. ತಪಾಸಣೆ ಇಲ್ಲದಿದ್ದರೆ ಏನಾಗುತ್ತೆ ಅನ್ನೋಕೆ ಒಂದು ಉದಾಹರಣೆ: ಅಮೆರಿಕದ ಮಿನಿಟ್‌ಮನ್-3 ಕ್ಷಿಪಣಿಯಲ್ಲಿ ಒಪ್ಪಂದ ಮುಗಿಯೋ ಹೊತ್ತಿಗೆ ಇದ್ದದ್ದು ಒಂದೊಂದೇ ಸಿಡಿತಲೆ, ಕೆಲವಕ್ಕೆ ಮೂರು ಹಿಡಿಯುತ್ತೆ. ಮೂತಿ ತೆಗೆಸಿ ನೋಡುವವರಿಲ್ಲದಿದ್ದರೆ ಒಳಗೆ ಒಂದಿದೆಯೋ ಮೂರೋ ಅಂತ ಉಪಗ್ರಹಕ್ಕೆ ಕಾಣೋಲ್ಲ.