ಬೋಧನಾಭ್ಯಾಸ: ವಿಜ್ಞಾನ ಪಾಠ 40 ನಿಮಿಷಕ್ಕೆ ಮುಗಿಯುತ್ತಿಲ್ಲ, ತಯಾರಿ ಹೇಗೆ?

ಹಸಿರೆಲೆ ಕೇಳಿದ್ದು:

ನಮಸ್ಕಾರ. ಪ್ರೌಢಶಾಲಾ ವಿಜ್ಞಾನ ಶಿಕ್ಷಕ ತರಬೇತಿಯಲ್ಲಿದ್ದೇನೆ, ಬೋಧನಾಭ್ಯಾಸ ನಡೆಯುತ್ತಿದೆ. ಮೂರು ಪ್ರಶ್ನೆ ಇವೆ.

ಒಂದು: ಪಾಠಯೋಜನೆಯಲ್ಲಿ ‘ವಿದ್ಯಾರ್ಥಿಗಳು ದ್ಯುತಿಸಂಶ್ಲೇಷಣೆಯನ್ನು ಅರ್ಥಮಾಡಿಕೊಳ್ಳುವರು’ ಎಂದು ಬರೆದರೆ ವೀಕ್ಷಕರು ಪಕ್ಕದಲ್ಲಿ ‘ಉದ್ದೇಶ ಅಸ್ಪಷ್ಟ’ ಎನ್ನುತ್ತಾರೆ. ಇದರಲ್ಲಿ ಅಸ್ಪಷ್ಟವಾದದ್ದು ಏನು?

ಎರಡು: ಎಲೆಯಲ್ಲಿ ಪಿಷ್ಟ ಪರೀಕ್ಷೆ (ಎಲೆಯ ಒಂದು ಭಾಗಕ್ಕೆ ಕಪ್ಪು ಕಾಗದ ಮುಚ್ಚಿ ಬೆಳಕಿನಲ್ಲಿಟ್ಟು, ಆಮೇಲೆ ಅಯೋಡಿನ್ ಹಾಕಿದರೆ ಪಿಷ್ಟವಿರುವ ಕಡೆ ಮಾತ್ರ ನೀಲಿಗಪ್ಪಾಗುತ್ತದೆ) ತೋರಿಸಿ, ವಿವರಿಸಿ, ಮೌಲ್ಯಮಾಪನವನ್ನೂ ಒಂದೇ ಅವಧಿಯಲ್ಲಿ ಮುಗಿಸಲು ಆಗುತ್ತದೆಯೇ? ಕೆಲವೊಮ್ಮೆ ಬಣ್ಣವೇ ಬರುವುದಿಲ್ಲ.

ಮೂರು: ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಮೂವರೇ ಕೈ ಎತ್ತುತ್ತಾರೆ. ಮುಂದಿನ ವಾರ ಇದೇ ಪಾಠಕ್ಕೆ ಅಂಕ.

ಸೀಮೆಸುಣ್ಣ ಉತ್ತರ:

‘ಅರ್ಥಮಾಡಿಕೊಳ್ಳುವುದು’ ಮಗುವಿನ ತಲೆಯೊಳಗೆ ನಡೆಯುವ ಕೆಲಸ. ಹಿಂದಿನ ಬೆಂಚಿನಲ್ಲಿ ಕೂತ ವೀಕ್ಷಕರಿಗೆ ಅದು ಕಾಣುವುದಿಲ್ಲ. ಅವರಿಗೆ ಕಾಣುವುದು ಮಗು ಹೇಳಿದ್ದು, ಬರೆದದ್ದು, ಮಾಡಿದ್ದು ಮಾತ್ರ. ಹಾಗಾಗಿ ಕ್ರಿಯಾಪದ ಬದಲಿಸಿ: ‘ಕಪ್ಪು ಕಾಗದ ಮುಚ್ಚಿದ ಭಾಗ ನೀಲಿಗಪ್ಪಾಗದಿರಲು ಕಾರಣವನ್ನು ಎರಡು ವಾಕ್ಯದಲ್ಲಿ ಬರೆಯುವರು’, ‘ಈ ಪ್ರಯೋಗದಲ್ಲಿ ಬದಲಿಸಿದ ಅಂಶ ಯಾವುದು, ಬದಲಿಸದೆ ಉಳಿಸಿಕೊಂಡವು ಯಾವುವು ಎಂದು ಗುರುತಿಸುವರು’. ಕಲಿಕೆಯ ಉದ್ದೇಶಗಳನ್ನು ಹಂತವಾಗಿ ಜೋಡಿಸಿದ ಬ್ಲೂಮ್ ಅವರ 1956ರ ವರ್ಗೀಕರಣವನ್ನು 2001ರಲ್ಲಿ ಪರಿಷ್ಕರಿಸಿದಾಗ ‘ಜ್ಞಾನ’, ‘ಗ್ರಹಿಕೆ’ ಮುಂತಾದ ನಾಮಪದಗಳ ಜಾಗಕ್ಕೆ ಕ್ರಿಯಾಪದಗಳು ಬಂದವು. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆ ಪಟ್ಟಿಯ ನಿಜವಾದ ಉಪಯೋಗ ಇಲ್ಲಿದೆ.

ಒಂದು ಅವಧಿಗೆ ಎರಡು ಉದ್ದೇಶ ಸಾಕು. ಐದು ಬರೆದರೆ ಐದನ್ನೂ ಅಳೆಯಬೇಕು, ಅಷ್ಟು ಹೊತ್ತು ನಿಮ್ಮಲ್ಲಿಲ್ಲ.

ಯೋಜನೆಯನ್ನು ಕೊನೆಯಿಂದ ಬರೆಯಿರಿ. ಗಂಟೆ ಹೊಡೆಯುವ ಮೊದಲು ಪ್ರತಿ ಮಗು ಚೀಟಿಯಲ್ಲಿ ಬರೆದುಕೊಡಬೇಕಾದ ಒಂದು ಪ್ರಶ್ನೆ ಮೊದಲು ಸಿದ್ಧವಾಗಲಿ. ಆ ಪ್ರಶ್ನೆಗೆ ಉತ್ತರಿಸಲು ನೆರವಾಗದ ಚಟುವಟಿಕೆಯನ್ನು ಕೈಬಿಡಿ, ಎಷ್ಟೇ ಚೆಂದದ ಚಾರ್ಟ್ ಇದ್ದರೂ. ಸಮಯ ಹಂಚಿಕೆ ಹೀಗಿರಲಿ: ಪೂರ್ವಜ್ಞಾನ ಪರಿಶೀಲನೆ 5 ನಿಮಿಷ, ಪ್ರಯೋಗ 18, ಚರ್ಚೆ 8, ಕಪ್ಪುಹಲಗೆ ಸಾರಾಂಶ 4, ಚೀಟಿ 5. ಸಮಯ ಸೋರಿಹೋಗುವುದು ಹೆಚ್ಚಾಗಿ ಪೀಠಿಕೆಯಲ್ಲಿ. ‘ಶೀರ್ಷಿಕೆ ಮಕ್ಕಳ ಬಾಯಿಂದಲೇ ಬರಬೇಕು’ ಎಂದು 12 ನಿಮಿಷ ಕೂಗಾಡಿಸುವವರಿದ್ದಾರೆ. ಎರಡು ಪ್ರಶ್ನೆಗೆ ಬಾರದಿದ್ದರೆ ನೀವೇ ಬರೆದುಬಿಡಿ.

ಸೂಕ್ಷ್ಮ ಬೋಧನೆಯಲ್ಲಿ, ಅಂದರೆ ಕೆಲವೇ ನಿಮಿಷದ ಪುಟ್ಟ ಪಾಠ ಮಾಡಿ ತಿದ್ದಿಕೊಳ್ಳುವ ತರಬೇತಿಯಲ್ಲಿ, ಇದನ್ನೇ ಅಭ್ಯಾಸ ಮಾಡಿಕೊಳ್ಳಿ. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪದ್ಧತಿ ಅದು. ಈಗ ರೂಢಿಯಲ್ಲಿರುವ ಒಂದು ಚಕ್ರ 36 ನಿಮಿಷದ್ದು: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಬಹಳ ಕಡೆ ನಡುವಿನ 12 ನಿಮಿಷವನ್ನೇ ಹಾರಿಸಿ ಕಡತ ತುಂಬಿಸುತ್ತಾರೆ. ಕಲಿಕೆ ಇರುವುದೇ ಅಲ್ಲಿ. ಒಂದು ಸಲಕ್ಕೆ ಒಂದೇ ಕೌಶಲ ಹಿಡಿಯಿರಿ. ನಿಮಗಂತೂ ಪ್ರಶ್ನಿಸುವ ಕೌಶಲ.

ಲ್ಯಾಬ್ ಕೋಟು ಉತ್ತರ:

ಪಿಷ್ಟ ಪರೀಕ್ಷೆ ಕೈಕೊಡುವುದು ತರಗತಿಯಲ್ಲಲ್ಲ, ಎರಡು ದಿನ ಹಿಂದೆ. ಕುಂಡದ ಗಿಡವನ್ನು 48 ಗಂಟೆ ಕತ್ತಲಲ್ಲಿಡಿ. ಆಮೇಲೆ ಒಂದು ಎಲೆ ಕಿತ್ತು ಪರೀಕ್ಷಿಸಿ, ಪಿಷ್ಟ ಖಾಲಿಯಾಗಿದೆ ಎಂದು ಖಚಿತಪಡಿಸಿಕೊಳ್ಳಿ. ಈ ಹಂತ ಬಿಟ್ಟವರಿಗೇ ಮುಚ್ಚಿದ ಭಾಗವೂ ಕಪ್ಪಾಗಿ ಬರುವುದು. ನಂತರ ಇನ್ನೊಂದು ಎಲೆಯ ಎರಡೂ ಬದಿಗೆ ಕಪ್ಪು ಕಾಗದದ ಪಟ್ಟಿ ಬಿಗಿಯಾಗಿ ಕ್ಲಿಪ್ ಹಾಕಿ 4ರಿಂದ 6 ಗಂಟೆ ಒಳ್ಳೆಯ ಬೆಳಕಿನಲ್ಲಿಡಿ.

ಪ್ರಯೋಗ: ಎಲೆಯನ್ನು ಕುದಿಯುವ ನೀರಿನಲ್ಲಿ 1 ನಿಮಿಷ ಅದ್ದಿ. ಜೀವಕೋಶ ಸತ್ತು ಪೊರೆ ಸಡಿಲವಾದರೆ ಮುಂದೆ ಅಯೋಡಿನ್ ಒಳಗೆ ಇಳಿಯುತ್ತದೆ. ಈಗ ಉರಿ ಆರಿಸಿ. ಎಲೆಯನ್ನು ಅಗಲ ಬಾಯಿಯ ಪ್ರನಾಳಕ್ಕೆ ಹಾಕಿ, ಮುಳುಗುವಷ್ಟು ಎಥನಾಲ್ ಸುರಿದು, ಆ ಪ್ರನಾಳವನ್ನು ಬಿಸಿನೀರಿನ ಬೀಕರಿನಲ್ಲಿ ನಿಲ್ಲಿಸಿ. ಎಥನಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಆದ್ದರಿಂದ ಆಗಷ್ಟೇ ಕುದಿದ ನೀರಿನ ಬಿಸಿಯೇ ಸಾಕು. ಅದರ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹರಿದು ದೂರದ ಜ್ವಾಲೆಗೂ ತಗುಲಬಲ್ಲದು. ಪಕ್ಕದ ಮೇಜಿನ ದೀಪವೂ ಆರಿರಬೇಕು. ಕೆಟಲ್‌ನ ನೀರು ತಂದರೆ ಕೋಣೆಯಲ್ಲಿ ಬೆಂಕಿಯೇ ಬೇಕಿಲ್ಲ.

5ರಿಂದ 10 ನಿಮಿಷದಲ್ಲಿ ಪತ್ರಹರಿತ್ತು ಕರಗಿ ಎಲೆ ಬಿಳಿಚುತ್ತದೆ, ಆದರೆ ಮುಟ್ಟಿದರೆ ಮುರಿಯುವಷ್ಟು ಪೆಡಸಾಗಿರುತ್ತದೆ. ಮತ್ತೆ ನೀರಿಗೆ ಅದ್ದಿ ಮೆದುವಾದ ಮೇಲೆ ಬಿಳಿ ಬಿಲ್ಲೆಯ ಮೇಲೆ ಹರಡಿ ಅಯೋಡಿನ್ ಹನಿಸಿ.

ಬಣ್ಣ ಬಾರದಿರಲು ಕಾರಣಗಳು ಹಲವು. ಮೇಣ ಹೊದ್ದ ದಪ್ಪ ಎಲೆಯಾದರೆ ಪತ್ರಹರಿತ್ತು ಪೂರ್ತಿ ಹೋಗಿರುವುದಿಲ್ಲ. ಮೆತ್ತನೆಯ ತೆಳು ಎಲೆ ಆರಿಸಿ. ಈರುಳ್ಳಿಯಂಥ ಕೆಲವು ಸಸ್ಯಗಳ ಎಲೆ ಪಿಷ್ಟದ ಬದಲು ಸಕ್ಕರೆಯನ್ನೇ ಇಟ್ಟುಕೊಳ್ಳುತ್ತದೆ. ಅಯೋಡಿನ್ ತೀರ ಗಾಢವಾಗಿದ್ದರೆ ಎಲೆಯಿಡೀ ಕಂದಾಗಿ ಏನೂ ತಿಳಿಯದು. ದ್ರಾವಣ ತಿಳಿ ಹಳದಿಗಂದಾಗಿರಲಿ. ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ: ಎಲೆ ಬಿಸಿಯಿದ್ದರೆ ಪಿಷ್ಟ–ಅಯೋಡಿನ್ ನೀಲಿ ಬಣ್ಣ ಮಸುಕಾಗುತ್ತದೆ, ತಣಿದ ಮೇಲೆ ಮರಳುತ್ತದೆ. ಆದ್ದರಿಂದ ಕೊನೆಯ ತೊಳೆತ ತಣ್ಣೀರಲ್ಲಿರಲಿ.

ಇದೆಲ್ಲಕ್ಕೆ ನಿಜವಾಗಿ 20 ನಿಮಿಷ ಬೇಕು. ಮೇಲೆ ಕೊಟ್ಟ 18ಕ್ಕೆ ಹಿಡಿಸುವುದಿಲ್ಲ. ಮೂರು ಎಲೆ ಇಟ್ಟುಕೊಳ್ಳಿ: ಮೊದಲನೆಯದನ್ನು ಮಕ್ಕಳ ಮುಂದೆ ಬಿಸಿನೀರಿಗೆ, ಎಥನಾಲಿಗೆ ಹಾಕಿ, ಎರಡನೆಯದು ಮೊದಲೇ ಬಿಳಿಚಿದ್ದು, ಅಯೋಡಿನ್ ಹಾಕುವುದು ಅದಕ್ಕೆ. ಮೂರನೆಯದು ಆಪತ್ತಿಗೆ.

ಮೂರನೇ ಬೆಂಚು ಉತ್ತರ:

ಪ್ರಶ್ನೆಯ ವಿಷಯಕ್ಕೆ ಬರುತ್ತೇನೆ. ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ವಿಜ್ಞಾನ ತರಗತಿಗಳಲ್ಲೇ ಅಳೆದು ತೋರಿಸಿದರು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರು ಕಡಿಮೆಯಾಗುತ್ತಾರೆ. ಕಾಯಬೇಕಾದ ಜಾಗ ಎರಡು: ಪ್ರಶ್ನೆಯ ನಂತರ, ಮಗುವಿನ ಉತ್ತರದ ನಂತರ. ಎರಡನೆಯದು ಕಷ್ಟ, ‘ಗುಡ್’ ಎಂದು ಬಾಯಿ ತಾನೇ ತೆರೆದುಕೊಳ್ಳುತ್ತದೆ. ‘ಗುಡ್’ ಅಂದ ಕ್ಷಣ ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ.

ಹೆಸರು ಹಿಡಿದು ಕೇಳುವುದಾದರೆ ಪ್ರಶ್ನೆ ಮೊದಲು, ಹೆಸರು ಕೊನೆಗೆ. ಮೊದಲೇ ಹೆಸರು ಕರೆದರೆ ಬೇರೆಯವರಿಗೆಲ್ಲ ರಜೆ. ‘ಅರ್ಥ ಆಯ್ತಾ?’ ಎಂದು ಕೇಳಲೇಬೇಡಿ, ‘ಹೂಂ’ ಎಂಬ ಸಾಮೂಹಿಕ ಗಾಯನ ಬಿಟ್ಟು ಬೇರೇನೂ ಸಿಗದು.

ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿದೆ. ಅಯೋಡಿನ್ ಹಾಕುವ ಮೊದಲು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಎಲೆಯ ಚಿತ್ರ ಬರೆದು, ಕಪ್ಪಾಗುತ್ತದೆ ಅನ್ನಿಸುವ ಭಾಗಕ್ಕೆ ಗೆರೆ ತುಂಬಲಿ. ಊಹೆ ಕಾಗದದ ಮೇಲೆ ಬಿದ್ದರೆ ಹಿಂದಿನ ಬೆಂಚಿನವರೂ ಕುತ್ತಿಗೆ ಚಾಚಿ ನೋಡುತ್ತಾರೆ. ನೀವು ಓಡಾಡುತ್ತ ಎರಡು ಬೇರೆ ಬೇರೆ ಊಹೆ ಗುರುತಿಟ್ಟುಕೊಂಡು ಅವರಿಬ್ಬರನ್ನೇ ಮಾತಾಡಿಸಿ.

ಚರ್ಚೆಗೆ: ‘ಮರದ ತೂಕವೆಲ್ಲ ಮಣ್ಣಿನಿಂದ ಬಂದದ್ದು’ ಎಂಬ ತಪ್ಪು ಕಲ್ಪನೆ ಬಹುತೇಕ ಎಲ್ಲ ತರಗತಿಯಲ್ಲೂ ಇರುತ್ತದೆ. 17ನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ ಕುಂಡದಲ್ಲಿ ವಿಲ್ಲೋ ಗಿಡವನ್ನು 5 ವರ್ಷ ನೀರು ಮಾತ್ರ ಹಾಕಿ ಬೆಳೆಸಿದ. ಗಿಡದ ತೂಕ 5 ಪೌಂಡಿನಿಂದ 169 ಪೌಂಡಿಗೆ ಏರಿತು, 200 ಪೌಂಡ್ ಒಣಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್. ಈ ಪ್ರಯೋಗದ ಬರಹ ಅಚ್ಚಾದದ್ದು 1648ರಲ್ಲಿ, ಅವನು ತೀರಿಕೊಂಡ ಮೇಲೆ. ಎಲ್ಲ ನೀರಿನಿಂದಲೇ ಬಂತು ಎಂಬುದು ಅವನ ತೀರ್ಮಾನ. ಅಂಕಿಗಳನ್ನು ಹಲಗೆ ಮೇಲೆ ಬರೆದು, ‘ಅವನು ಲೆಕ್ಕಕ್ಕೆ ತೆಗೆದುಕೊಳ್ಳದೇ ಬಿಟ್ಟದ್ದು ಏನು?’ ಎಂದು ಕೇಳಿ ಕಾಯಿರಿ.

ಹಸಿರೆಲೆ:

ತುಂಬಾ ಉಪಕಾರವಾಯಿತು. ಒಂದು ಅನುಮಾನ: ಮೊದಲೇ ತಯಾರಿಸಿದ ಎಲೆ ತೋರಿಸಿದರೆ ಮಕ್ಕಳಿಗೆ ಮೋಸ ಅನ್ನಿಸುವುದಿಲ್ಲವೇ? ಮತ್ತೆ, ಇದರ ನಂತರದ್ದು ಆಮ್ಲ ಮತ್ತು ಕಾರ್ಬೊನೇಟ್ ಪಾಠ. 10 ಗುಂಪಿಗೆ ಎಷ್ಟು ದ್ರಾವಣ ಬೇಕು?

ಸೀಮೆಸುಣ್ಣ ಉತ್ತರ:

ಮುಚ್ಚಿಟ್ಟರೆ ಮೋಸ, ಹೇಳಿ ಮಾಡಿದರೆ ಅಲ್ಲ. ‘ಇದು ಬೆಳಗ್ಗೆ ಇದೇ ರೀತಿ ಬಿಳಿಚಿಸಿದ ಎಲೆ’ ಎಂದು ಹೇಳಿ, ಪ್ರನಾಳದಲ್ಲಿರುವ ಮೊದಲ ಎಲೆಗೂ ಪಾಠದ ಕೊನೆಗೆ ಅಯೋಡಿನ್ ಹಾಕಿಸಿ. ಮತ್ತೊಂದು ಎಚ್ಚರಿಕೆ: ‘ದ್ಯುತಿಸಂಶ್ಲೇಷಣೆ ಸಾಬೀತಾಯಿತು’ ಎಂದು ಹಲಗೆ ಮೇಲೆ ಬರೆಯಬೇಡಿ. ಕಪ್ಪು ಪಟ್ಟಿಯ ಪ್ರಯೋಗ ತೋರಿಸುವುದು ಪಿಷ್ಟ ತಯಾರಾಗಲು ಬೆಳಕು ಬೇಕು ಎಂಬುದನ್ನಷ್ಟೇ. ಪತ್ರಹರಿತ್ತು ಬೇಕೆಂದು ತೋರಿಸಲು ಬಿಳಿ–ಹಸಿರು ಮಚ್ಚೆಯ ಎಲೆ ಬೇಕು, ಇಂಗಾಲದ ಡೈಆಕ್ಸೈಡ್ ಬೇಕೆಂದು ತೋರಿಸಲು ಬೇರೆಯದೇ ಪ್ರಯೋಗ. ವೀಕ್ಷಕರು ಹಿಡಿಯುವುದು ಇಂಥ ಕಡೆಯೇ.

ಲ್ಯಾಬ್ ಕೋಟು ಉತ್ತರ:

ಗುಂಪಿಗೆ ಒಂದು ಸಲಕ್ಕೆ 5 ಮಿ.ಲೀ. ಆಮ್ಲದ ದ್ರಾವಣ, ಎರಡು ಸಲ ಮಾಡಲು 10 ಗುಂಪಿಗೆ 100 ಮಿ.ಲೀ. ಚೆಲ್ಲುವುದಕ್ಕೂ ಸೇರಿಸಿ 150 ಮಾಡಿಕೊಳ್ಳಿ. ಬಾಟಲಿಯ 37% ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 12 ಮೋಲಾರ್ (ಲೀಟರಿಗೆ 12 ಮೋಲ್). 1 ಮೋಲಾರ್ ದ್ರಾವಣ 150 ಮಿ.ಲೀ. ಬೇಕಿದ್ದರೆ ಅದರಲ್ಲಿ 12.5 ಮಿ.ಲೀ. ಸಾಕು. ಮೊದಲು 100 ಮಿ.ಲೀ. ನೀರು ತೆಗೆದುಕೊಂಡು, ಆಮ್ಲವನ್ನು ಅದಕ್ಕೆ ನಿಧಾನವಾಗಿ ಸೇರಿಸಿ, ಆಮೇಲೆ 150ಕ್ಕೆ ತುಂಬಿಸಿ. ಆಮ್ಲಕ್ಕೆ ನೀರು ಹಾಕಬಾರದು, ಕುದಿದು ಸಿಡಿಯುತ್ತದೆ. ಇದನ್ನು ಗಾಳಿಯಾಡುವ ಜಾಗದಲ್ಲಿ, ಕನ್ನಡಕ ಮತ್ತು ಕೈಗವಸು ಹಾಕಿಕೊಂಡು, ಹಿಂದಿನ ದಿನವೇ ಮುಗಿಸಿ ಚೀಟಿ ಅಂಟಿಸಿ. ಮಕ್ಕಳಿಗೂ ಕನ್ನಡಕ ಬೇಕು.

ಅಮೃತಶಿಲೆ ಚೂರಿನ ಜೊತೆ ಸಲ್ಫ್ಯೂರಿಕ್ ಆಮ್ಲ ಬಳಸಬೇಡಿ. ಕರಗದ ಕ್ಯಾಲ್ಸಿಯಂ ಸಲ್ಫೇಟ್ ಚೂರಿನ ಮೇಲೆ ಪದರ ಕಟ್ಟಿ ಗುಳ್ಳೆ ನಿಂತುಬಿಡುತ್ತದೆ. ಪುಡಿಯೂ ಬೇಡ, ನೊರೆ ಉಕ್ಕಿ ನಳಿಕೆಗೆ ಏರುತ್ತದೆ.

ಹೊರಬರುವ ಇಂಗಾಲದ ಡೈಆಕ್ಸೈಡನ್ನು ಗುರುತಿಸಲು ನಳಿಕೆಯಿಂದ ಸುಣ್ಣದ ತಿಳಿನೀರಿಗೆ ಹಾಯಿಸುತ್ತೀರಿ. ಆ ತಿಳಿನೀರು ಹಳತಾಗಿ ಮೇಲೆ ಕೆನೆಗಟ್ಟಿದ್ದರೆ ಅದು ಆಗಲೇ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಿದೆ ಎಂದರ್ಥ. ಹಿಂದಿನ ದಿನ ಹೊಸದಾಗಿ ಮಾಡಿ, ತಿಳಿಯನ್ನು ಸೋಸಿ, ಬಿರಡೆ ಬಿಗಿದಿಡಿ. ಹಾಲಿನಂತಾದ ಕೂಡಲೇ ನಳಿಕೆ ಹೊರತೆಗೆಯಲು ಹೇಳಿ. ಅನಿಲ ಹಾಯುತ್ತಲೇ ಇದ್ದರೆ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಮತ್ತೆ ತಿಳಿಯಾಗುತ್ತದೆ, ತಡವಾಗಿ ನೋಡಿದ ಗುಂಪು ‘ಏನೂ ಆಗಲಿಲ್ಲ’ ಎಂದು ಬರೆದುಕೊಳ್ಳುತ್ತದೆ. ಯಾವುದಾದರೂ ಒಂದು ಗುಂಪಿಗೆ ಹಾಗಾದರೆ ಆ ಪ್ರನಾಳ ಚೆಲ್ಲಿಸಬೇಡಿ, ಮುಂದಿನ ಅವಧಿಯ ಪೀಠಿಕೆಗೆ ಅದೇ ಸಾಕು.