ವಿನ್‌ಸ್ಲೋ ಹೋಮರ್ ಚಿತ್ರ ಕಲಿತದ್ದು ಎಲ್ಲಿ?

ಬೈತಖೋಲ ಹುಡುಗಿ:
ನಾನು ಕಾರವಾರದವಳು, ಸೆಕೆಂಡ್ ಪಿಯುಸಿ. ಅಮೆರಿಕದ ವಿನ್‌ಸ್ಲೋ ಹೋಮರ್ ಬರೆದ ಸಮುದ್ರ, ದೋಣಿ, ಮೀನುಗಾರರ ಚಿತ್ರ ಮೊಬೈಲ್‌ನಲ್ಲಿ ನೋಡುತ್ತಿರುತ್ತೇನೆ. ಇವನು ಯಾವ ಕಾಲೇಜಲ್ಲಿ ಕಲಿತದ್ದು? ಚಿತ್ರಕಲೆ ಓದುತ್ತೇನೆ ಅಂದರೆ ಅಪ್ಪ, "ಅದನ್ನೂ ಕಾಲೇಜಿಗೆ ಹೋಗಿ ಕಲೀಬೇಕಾ?" ಅಂತಾರೆ.

ಶಿರಸಿ ಪ್ರೆಸ್ಸಿನವ:
ತಂಗೀ, ಆಯುಷ್ಯವೆಲ್ಲ ಪ್ರಿಂಟಿಂಗ್ ಪ್ರೆಸ್ಸಿನಲ್ಲೇ ಕಳೆದವ ನಾನು. ಹಾಗಾಗಿ ನನಗೆ ಅವನ ಕಥೆಯಲ್ಲಿ ಪ್ರೆಸ್ಸಿನ ಭಾಗವೇ ಜಾಸ್ತಿ ಇಷ್ಟ.

ಹುಟ್ಟಿದ್ದು 1836ರಲ್ಲಿ, ಬಾಸ್ಟನ್‌ನಲ್ಲಿ. ಬೆಳೆದದ್ದು ಪಕ್ಕದ ಕೇಂಬ್ರಿಜ್‌ನಲ್ಲಿ. ಮೊದಲ ಗುರು ತಾಯಿ ಹೆನ್ರಿಯೆಟ್ಟಾ, ಜಲವರ್ಣದಲ್ಲಿ ಒಳ್ಳೆಯ ಕೈ. ಅಪ್ಪ ವ್ಯಾಪಾರಿ. ಚಿನ್ನ ಸಿಗುತ್ತದೆ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರಿಗೈಲಿ ವಾಪಸ್ ಬಂದ ಆಸಾಮಿ!

19ನೇ ವಯಸ್ಸಿಗೆ ಹೋಮರ್ ಬಾಸ್ಟನ್ನಿನ ಬಫರ್ಡ್ ಲಿಥೋ ಪ್ರೆಸ್ಸಿಗೆ ಕೆಲಸ ಕಲಿಯಲು ಸೇರಿದ. ಹಾಡಿನ ಪುಸ್ತಕದ ಮುಖಪುಟ, ಅದು ಇದು. ಲಿಥೋ ಅಂದರೆ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಲ್ಲಿ ಬರೆಯೋದು. ಕಲ್ಲು ಒದ್ದೆ ಮಾಡಿ ಮಸಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ. ಅಕ್ಷರ, ಚಿತ್ರ ಎಲ್ಲ ಎಡಬಲ ತಿರುಗಿಸಿಯೇ ಬರೆಯಬೇಕು. ಗೆರೆ ತಪ್ಪಿದರೆ ಅಳಿಸೋದು ಸುಲಭವಲ್ಲ. ಅವನಿಗೆ ಸಾಕುಸಾಕಾಯಿತು. 21 ತುಂಬಿದ್ದೇ ಬಿಟ್ಟ. ಮುಂದೆ ಹಾರ್ಪರ್ಸ್ ವೀಕ್ಲಿ ಪತ್ರಿಕೆಯವರು ಕಾಯಂ ನೌಕರಿ ಕೊಡುತ್ತೇವೆ ಅಂದರೂ ಒಪ್ಪಲಿಲ್ಲ, ಹೊರಗಿನಿಂದಲೇ ಚಿತ್ರ ಕೊಟ್ಟ. ಆದರೂ ಅವನ ಬೆಳಕು-ನೆರಳು ಅಷ್ಟು ಖಡಕ್ಕಾಗಿರೋದು ಆ ಕಪ್ಪು-ಬಿಳುಪಿನ ಕೆಲಸದಿಂದಲೇ ಅಂತ ನನ್ನ ಲೆಕ್ಕ.

ಕುಮಟಾ ಡ್ರಾಯಿಂಗ್ ಟೀಚರ್:
ಪ್ರೆಸ್ಸಿನವರೇ, ಅವಳ ಅಪ್ಪನಿಗೆ ಸುಮ್ನೆ ಬಲ ಕೊಡಬೇಡಿ! 1859ರಲ್ಲಿ ನ್ಯೂಯಾರ್ಕಿಗೆ ಹೋದಮೇಲೆ ಹೋಮರ್ ನ್ಯಾಷನಲ್ ಅಕಾಡೆಮಿ ಆಫ್ ಡಿಸೈನ್‌ನ ಕ್ಲಾಸುಗಳಿಗೆ ಹೋಗಿದ್ದಾನೆ. ಫ್ರೆಡೆರಿಕ್ ರೊಂಡೆಲ್ ಹತ್ತಿರ ಸ್ವಲ್ಪ ದಿನ ತೈಲವರ್ಣದ ಪಾಠವೂ ಆಯಿತು. ಮತ್ತೆ, ಅವನಿಗೆ ಸಂಬಳದ ಕೆಲಸದಲ್ಲೇ ಕೈ ಪಳಗಿತು. ಈಗ ಹುಡುಗರಿಂದ ಕೈಯಲ್ಲಿ ಚಿತ್ರ ಬರೆಸುವ ಪ್ರೆಸ್ ಶಿರಸಿಯಲ್ಲಿ ಎಲ್ಲಿದೆ, ತೋರಿಸಿ? ಹಾಗಾಗಿ ಇವಳಿಗೆ ಕಾಲೇಜೇ ಸರಿ.

ಹುಡುಗಿ, ನೀನು ಹೇಳುವ ಮೀನುಗಾರರ ಚಿತ್ರಗಳಲ್ಲಿ ಎಷ್ಟೋ 1881ರ ನಂತರದವು. ಇಂಗ್ಲೆಂಡಿನ ಕಲ್ಲರ್‌ಕೋಟ್ಸ್ ಎಂಬ ಮೀನುಗಾರರ ಊರಿಗೆ ಹೋಗಿ ಉಳಿದಾಗ ಅವನಿಗೆ 45. ನಿನಗೆ ಬಂದರು ಮನೆ ಬಾಗಿಲಲ್ಲೇ ಇದೆ. ಸ್ಕೆಚ್ ಪುಸ್ತಕ ಹಿಡಿದು ಹೋಗು.

ಬೈತಖೋಲ ಹುಡುಗಿ:
ಹೋಗುತ್ತೇನೆ ಅಕ್ಕೋರೇ. ಆದರೆ ಮೀನು ಆರಿಸುವ ಹೆಂಗಸರು ಒಂದು ಗಳಿಗೆ ಸುಮ್ಮನೆ ನಿಲ್ಲೋದಿಲ್ಲ. ಹೇಗೆ ಬರೆಯೋದು?

ಕುಮಟಾ ಡ್ರಾಯಿಂಗ್ ಟೀಚರ್:
ಒಬ್ಬರನ್ನೇ ಹಿಡಿದು ಕೂರಬೇಡ. ಎಲ್ಲರೂ ಮಾಡುವುದು ಅದೇ ಕೆಲಸ ಅಲ್ವಾ? ಬಗ್ಗಿದ ಬೆನ್ನು ಒಬ್ಬರದು ತಗೋ, ಕೈ ಇನ್ನೊಬ್ಬರದು.